ಕಣ್ಣಾರೆ ಕಂಡು ರುಜು ಹಾಕುವ ಉಮ್ಸುನ್

ಜೂನ್ ಇಪ್ಪತ್ತೆರಡು, ಬೆಳಗಿನ ಐದು ಗಂಟೆ. ಬೇಸಿಗೆ ಅನ್ನುವುದು ಕ್ಯಾಲೆಂಡರಿನ ಮಾತು. ಸೂಸಮೀರ್ ಬಯಲಿನ ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಉಪ್ಪಿನ ಹರಳಿನ ಹಾಗೆ ಗಟ್ಟಿಯಾಗಿ ಕೂತಿದೆ. ತ್ಯೋ-ಆಶೂ ಘಾಟಿಯ ಸುರಂಗ ದಾಟಿ ಕೆಳಗಿಳಿದರೆ ವಿದ್ಯುತ್ ಕಾರುಗಳಿಗೆ ಮೊದಲು ಸಿಗುವ ಚಾರ್ಜಿಂಗ್ ಪೆಟ್ಟಿಗೆಯ ಮುಂದೆ ಉಮ್ಸುನ್ ನಿಂತಿದ್ದಾರೆ. ತಲೆಗೆ ಬಿಗಿಯಾಗಿ ಕಟ್ಟಿದ ಉಣ್ಣೆಯ ವಸ್ತ್ರ, ಕಾಲಿಗೆ ಮೊಣಕಾಲುದ್ದದ ಬೂಟು, ಕೊರಳಲ್ಲಿ ದಾರಕ್ಕೆ ಕಟ್ಟಿದ ಒಂದು ಪುಟ್ಟ ಕಾರ್ಡು.

ತೋಳಿನಿಂದ ಪೆಟ್ಟಿಗೆಯ ಗಾಜು ಒರೆಸುತ್ತಾರೆ. ಅದರ ಮೈಮೇಲಿನ ಹನ್ನೆರಡು ಅಂಕಿಗಳನ್ನು ಗಟ್ಟಿಯಾಗಿ ಓದುತ್ತಾರೆ. ಕೇಳುವವರು ಯಾರೂ ಇಲ್ಲದಿದ್ದರೂ ಗಟ್ಟಿಯಾಗಿಯೇ ಓದುವುದು ಅವರ ಕ್ರಮ. ಬಲಗೈಯ ಗವಸನ್ನು ಹಲ್ಲಿನಿಂದ ಎಳೆದು, ಬರಿಯ ಅಂಗೈಯನ್ನು ತಣ್ಣನೆಯ ಲೋಹದ ಮೇಲಿಟ್ಟು ಒಂದು ನಿಮಿಷ ಸುಮ್ಮನೆ ನಿಲ್ಲುತ್ತಾರೆ. ಒಳಗಿನ ಗುಂಯ್ ಅನ್ನುವ ಸದ್ದು ಕಿವಿಗಿಂತ ಕೈಗೆ ಚೆನ್ನಾಗಿ ತಿಳಿಯುತ್ತದಂತೆ. ಮೊಹರು ನೋಡುತ್ತಾರೆ, ತಂತಿಯ ಉದ್ದಕ್ಕೂ ಬೆರಳಾಡಿಸುತ್ತಾರೆ. ಕೊನೆಗೆ ಕೊರಳ ಕಾರ್ಡನ್ನು ಪೆಟ್ಟಿಗೆಗೆ ಹಿಡಿಯುತ್ತಾರೆ. ಪುಟ್ಟ ಪರದೆಯ ಮೇಲೆ ಪ್ರಶ್ನೆ ಮೂಡುತ್ತದೆ: ಕಂಡಿರಾ? ಒತ್ತುತ್ತಾರೆ: ಕಂಡೆ. ಹಸಿರು ದೀಪ.

"ಸರಿ ಕಣಪ್ಪ," ಅನ್ನುತ್ತಾರೆ ಪೆಟ್ಟಿಗೆಗೆ, ಕುದುರೆಯ ಬೆನ್ನು ತಟ್ಟಿದ ಹಾಗೆ ತಟ್ಟಿ. "ಇನ್ನು ನಲವತ್ತು ದಿನ ನೀನು ನೀನೇ. ಯಾರಾದ್ರೂ ಅಲ್ಲ ಅಂದ್ರೆ ನನ್ನ ಹೆಸರು ಹೇಳು."

ಆದರೆ ಇವತ್ತು ಅವರ ಮಾತಿನಲ್ಲಿ ಎಂದಿನ ಧೈರ್ಯವಿಲ್ಲ. ಇನ್ನು ಮೂರು ದಿನಗಳಲ್ಲಿ ಅವರ ರುಜುವಿಗೇ ಬೆಲೆ ಇರುತ್ತದೋ ಇಲ್ಲವೋ ತೀರ್ಮಾನವಾಗಲಿದೆ.

ಉಮ್ಸುನ್ ಮಾಡುವ ಕೆಲಸವೇನೆಂದು ಆ ಬಯಲಿನಲ್ಲೇ ಅರ್ಧ ಜನಕ್ಕೆ ಗೊತ್ತಿಲ್ಲ. ರಾಜಧಾನಿ ಬಿಷ್ಕೆಕ್‌ನಿಂದ ದಕ್ಷಿಣದ ಓಶ್‌ವರೆಗಿನ ಹೆದ್ದಾರಿಯ ಉದ್ದಕ್ಕೂ ಚಾರ್ಜಿಂಗ್ ಪೆಟ್ಟಿಗೆ ಇಟ್ಟವರು, ಸೌರಫಲಕ ಹಾಕಿದವರು, ಬ್ಯಾಟರಿ ಕೂಡಿಸಿದವರು ಸೇರಿ ಒಂದು ಒಕ್ಕೂಟ ಮಾಡಿಕೊಂಡಿದ್ದಾರೆ. ವಿಚಿತ್ರದ ಒಕ್ಕೂಟ ಅದು. ಕಚೇರಿ ಇಲ್ಲ, ಎಲ್ಲರ ಹೆಸರು ಬರೆದಿಟ್ಟ ದೊಡ್ಡ ಪುಸ್ತಕವಿಲ್ಲ, ಮೇಲೊಬ್ಬ ಸಾಹೇಬನೂ ಇಲ್ಲ. ಬದಲಿಗೆ ಪ್ರತಿ ಪೆಟ್ಟಿಗೆಯ ಎದೆಯೊಳಗೆ, ಹೊರಗೆ ತೆಗೆಯಲಾಗದಂಥ ಒಂದು ಗುಟ್ಟಿನ ಕೀಲಿ ಇದೆ. ಅದೇ ಅದರ ಹುಟ್ಟುಮಚ್ಚೆ. ಜೊತೆಗೆ ನಾಲ್ಕು ಪತ್ರಗಳು. ಮಾಡಿದ ಕಾರ್ಖಾನೆಯದ್ದು ಒಂದು, ತಂತಿ ಎಳೆದವನದ್ದು ಒಂದು, ಅಳತೆ ಪರೀಕ್ಷಿಸಿದವನದ್ದು ಒಂದು. ನಾಲ್ಕನೆಯದು ಸಾಕ್ಷಿಯದ್ದು: ಈ ಪೆಟ್ಟಿಗೆಯನ್ನು ಇಂಥ ದಿನ ಇಂಥ ಜಾಗದಲ್ಲಿ ಕಣ್ಣಾರೆ ಕಂಡೆ, ಕೈಯಾರೆ ಮುಟ್ಟಿದೆ ಅಂತ.

ಕಾರು ಬಂದು ತಂತಿ ಚುಚ್ಚಿದ ಕೂಡಲೇ, ಯಾರು ನೀನು ಅಂತ ಕೇಳುತ್ತದೆ. ಪೆಟ್ಟಿಗೆ ತನ್ನ ಜೇಬಿನಿಂದಲೇ ನಾಲ್ಕೂ ಪತ್ರ ತೆಗೆದು ತೋರಿಸುತ್ತದೆ. ಕಾರು ರುಜುಗಳನ್ನು ತಾನೇ ತಾಳೆ ನೋಡಿ ತಲೆಯಾಡಿಸುತ್ತದೆ. ರಾಜಧಾನಿಗೆ ಫೋನು ಹಚ್ಚುವ ಪ್ರಸಂಗವೇ ಇಲ್ಲ. ಈ ಬಯಲಿಗೆ ಅದೇ ಬೇಕು. ಚಳಿಗಾಲದಲ್ಲಿ ಎರಡು ಘಾಟಿಗಳ ನಡುವೆ ಹಿಮ ಕುಸಿದು ಫೋನಿನ ಗೋಪುರ ಮಲಗಿದರೆ ಐದೈದು ದಿನ ಹೊರಜಗತ್ತಿನ ಸುದ್ದಿಯೇ ಇರುವುದಿಲ್ಲ. ಮೊದಲಿನ ಪೆಟ್ಟಿಗೆಗಳು ಪ್ರತಿಯೊಂದಕ್ಕೂ ದೂರದ ಊರಿನ ಅಪ್ಪಣೆ ಕೇಳುತ್ತಿದ್ದವು. ಒಂದು ಜನವರಿಯಲ್ಲಿ ಅಪ್ಪಣೆ ಬರಲಿಲ್ಲ; ಎರಡು ಹಸುಗೂಸುಗಳ ಸಮೇತ ಒಂದು ಸಂಸಾರ, ಕರೆಂಟು ತುಂಬಿ ನಿಂತ ಪೆಟ್ಟಿಗೆಯ ಪಕ್ಕದಲ್ಲೇ, ಕಾರಿನೊಳಗೆ ಇಡೀ ದಿನ ನಡುಗಿತು. ಆಮೇಲೆ ಬಂದದ್ದು ಈ ಪತ್ರಗಳ ಪದ್ಧತಿ.

ಪದ್ಧತಿಯೇನೋ ಜಾಣತನದ್ದೇ. ಆದರೆ ಕಣ್ಣಾರೆ ಕಾಣಲು ಎರಡು ಕಣ್ಣು ಬೇಕಲ್ಲ. ತ್ಯೋ-ಆಶೂದಿಂದ ಅಲಾ-ಬೆಲ್ ಘಾಟಿಯವರೆಗೆ, ಒಳದಾರಿಗಳೂ ಸೇರಿ, ಆ ಎರಡು ಕಣ್ಣು ಉಮ್ಸುನ್‌ರವು. ಎಂಟು ಕಾರು ಚಾರ್ಜರು, ಆರು ಬ್ಯಾಟರಿ, ನಾಲ್ಕು ಸೌರಫಲಕದ ಪೆಟ್ಟಿಗೆ, ಹಳ್ಳದ ನೀರಿನಿಂದ ತಿರುಗುವ ಒಂದು ಪುಟ್ಟ ಯಂತ್ರದ ಮೀಟರು. ಒಟ್ಟು ಹತ್ತೊಂಬತ್ತು. ಸಾಕ್ಷಿಪತ್ರದ ಆಯಸ್ಸು ನಲವತ್ತೇ ದಿನ. ಹಾಗಾಗಿ ನಲವತ್ತು ದಿನಕ್ಕೊಂದು ಸುತ್ತು. ಸುತ್ತು ಮುಗಿಯುವ ಹೊತ್ತಿಗೆ ಮೊದಲನೆಯದರ ಅವಧಿ ತೀರಿರುತ್ತದೆ. ಆರು ವರ್ಷದಲ್ಲಿ ಅವರು ಹಾಕಿದ ರುಜುಗಳು ಒಂಬೈನೂರ ಎಂಬತ್ತೇಳು.

ಅದರಲ್ಲಿ ಒಂದನ್ನು ನೋಡದೆ ಹಾಕಿದ್ದಾರೆ.

ಉಮ್ಸುನ್‌ಗೆ ಈಗ ನಲವತ್ತೊಂಬತ್ತು. ಇದಕ್ಕೂ ಮುಂಚೆ ಹದಿನಾಲ್ಕು ವರ್ಷ ಇದೇ ಬಯಲಿನಲ್ಲಿ ಮನೆಮನೆಯ ಕರೆಂಟು ಮೀಟರು ಓದುತ್ತಿದ್ದರು. ಮೀಟರುಗಳು ತಮ್ಮ ಲೆಕ್ಕ ತಾವೇ ಹೇಳಲು ಕಲಿತ ಮೇಲೆ ಓದುವವರು ಬೇಡವಾದರು. ಗಂಡ ಕೆಲಸಕ್ಕೆಂದು ಉತ್ತರಕ್ಕೆ ಹೋದವನು ಅಲ್ಲಿಯೇ ಇನ್ನೊಂದು ಒಲೆ ಹೂಡಿದ. ಮಕ್ಕಳಿಲ್ಲ. ಹೆದ್ದಾರಿಯ ಪಕ್ಕ, ರಸ್ತೆ ಕೆಲಸದವರು ಬಿಟ್ಟುಹೋದ ತಗಡಿನ ಬಂಡಿಮನೆಯಲ್ಲಿ ಇರುತ್ತಾರೆ. ಒಂದು ಕಬ್ಬಿಣದ ಒಲೆ, ಒಂದು ಮಂಚ, ಒಂದು ರೇಡಿಯೊ. ಚಳಿಗಾಲದಲ್ಲಿ ಒಳಗಿನ ಬಕೆಟ್ಟಿನ ನೀರಿಗೂ ಬೆಳಗ್ಗೆ ಕೆನೆಯ ಹಾಗೆ ಹೆಪ್ಪು ಕಟ್ಟಿರುತ್ತದೆ.

"ಮೀಟರ್ ಓದೋಕೆ ಹೋದ್ರೆ ದಿನಕ್ಕೆ ಇಪ್ಪತ್ತು ಮನೆ, ಇಪ್ಪತ್ತು ಬಟ್ಟಲು ಚಹಾ," ಅನ್ನುತ್ತಾರೆ. "ಬೇಡ ಅಂದ್ರೆ ಕೋಪ. ಸೊಸೆ ಮೇಲೆ ಅತ್ತೆ ದೂರು, ಅತ್ತೆ ಮೇಲೆ ಸೊಸೆ ದೂರು, ಎಲ್ಲಾ ನಂಗೇ. ಹೊಟ್ಟೆ ತುಂಬಿ ಕಿವಿ ತುಂಬಿ ಮನೆಗೆ ಬರ್ತಿದ್ದೆ. ಈ ಪೆಟ್ಟಿಗೆಗಳು ಒಳ್ಳೇವೇ. ಆದ್ರೆ ಚಹಾ ಕೊಡಲ್ಲ."

ಅವರ ಗಾಡಿ ಹಳೆಯ ನಿವಾ. ಪೆಟ್ರೋಲಿನದ್ದು. "ಇಡೀ ಬಯಲಿನ ವಿದ್ಯುತ್ ಕಾರುಗಳಿಗೆ ನಾನು ಜಾಮೀನು. ನನ್ನ ಗಾಡಿ ಮಾತ್ರ ಎಣ್ಣೆ ಕುಡಿಯೋ ಕುಡುಕ," ಅಂತ ನಗುತ್ತಾರೆ. ಎಲ್ಲಾದರೂ ಕಾರುಗಳು ಸಾಲು ನಿಂತಿದ್ದರೆ ಜನ ಅವರನ್ನು ಸ್ವಚ್ಛತೆಯವಳೆಂದು ತಿಳಿದು, "ಎಜೆ, ಅಲ್ಲಿ ಕಸ ಬಿದ್ದಿದೆ ನೋಡಿ" ಅನ್ನುತ್ತಾರೆ. ಎಜೆ ಅಂದರೆ ಅಕ್ಕ. ಉಮ್ಸುನ್ ಕಸ ಎತ್ತಿ ಗಾಡಿಗೆ ಹಾಕಿಕೊಂಡು ಮುಂದಿನ ಪೆಟ್ಟಿಗೆಗೆ ಹೋಗುತ್ತಾರೆ.

ಆ ಒಂದು ರುಜುವಿನ ಕತೆಗೆ ಬರೋಣ.

ಕೊಜೊಮ್‌ಕುಲ್ ಹಳ್ಳಿಯ ತುದಿಯಲ್ಲಿ ಬುರ್ಮಾಕಾನ್ ಅನ್ನುವ ಅರವತ್ತೆಂಟರ ಹೆಂಗಸು, ಅವರ ಗಂಡ ತುರ್ದುಕುಲ್ ಒಂದು ಚಹಾದಂಗಡಿ ನಡೆಸುತ್ತಾರೆ. ಹೋದ ಶರತ್ಕಾಲದಲ್ಲಿ ಅವರು ಒಂದು ಚಾರ್ಜರು ತಂದರು. ಎರಡು ಚಕ್ರದ ಗಾಡಿಯ ಮೇಲೆ ಬ್ಯಾಟರಿ, ಮಡಚುವ ಸೌರಫಲಕ, ಮೇಲೊಂದು ಉಬ್ಬಿದ ಮುಚ್ಚಳ. ನೋಡಲು ಥೇಟ್ ಒಂಟೆ. ಬುರ್ಮಾಕಾನ್ ಅದನ್ನು ಕರೆಯುವುದೂ ಒಂಟೆ ಅಂತಲೇ. ಉಮ್ಸುನ್ ಹೋಗಿ ನೋಡಿ, ಮುಟ್ಟಿ, ಕೊಜೊಮ್‌ಕುಲ್‌ನಲ್ಲಿ ಇದೆ ಅಂತ ಪತ್ರ ಬರೆದರು. ಚಳಿಗಾಲವೆಲ್ಲ ಹಾಗೇ ನಡೆಯಿತು.

ಜೂನ್ ಮೂರಕ್ಕೆ ಆ ಪತ್ರದ ಅವಧಿ ತೀರುವುದಿತ್ತು. ಉಮ್ಸುನ್ ಹೊರಟರು. ಹಿಮ ಕರಗಿದ ನೀರು ಉಕ್ಕಿ ಹಳ್ಳಿಗೆ ಹೋಗುವ ಸೇತುವೆಯ ಒಂದು ಬದಿ ಕೊಚ್ಚಿಹೋಗಿತ್ತು. ಹೊಳೆಯ ಈಚೆ ನಿಂತು ಬುರ್ಮಾಕಾನ್‌ರಿಗೆ ಫೋನು ಮಾಡಿದರು. ಆ ಮಾತುಕತೆಯನ್ನು ಅವರು ಎಷ್ಟು ಸಲ ತಮಗೆ ತಾವೇ ಹೇಳಿಕೊಂಡಿದ್ದಾರೋ, ಅವರ ಬಗ್ಗೆ ಬರೆಯಲೆಂದು ಬಂದ ನನ್ನೆದುರು ಒಂದು ಅಕ್ಷರ ತಡವರಿಸದೆ ಒಪ್ಪಿಸಿದರು.

"ಅಪಾ, ಮಂದೆ-ಮಂದಿ ಎಲ್ಲಾ ಕ್ಷೇಮಾನಾ?" ಅಪಾ ಅಂದರೆ ಅಮ್ಮ.

"ಕ್ಷೇಮ ಮಗಳೇ. ಬಿಳೀ ಕುದುರೆ ಮರಿ ಹಾಕಿದೆ. ಮುದುಕನ ಸೊಂಟನೂ ಕ್ಷೇಮ, ನಾಲಿಗೆನೂ ಕ್ಷೇಮ."

"ಒಂಟೆ?"

"ಅದೂ ಕ್ಷೇಮ. ಕಣ್ಣೆದುರಿಗೇ ನಿಂತಿದೆ. ಹಸಿರು ದೀಪ ಉರೀತಿದೆ ನೋಡು."

ಇಷ್ಟೇ. ಉಮ್ಸುನ್ ಕಾರ್ಡು ತೆಗೆದು ಫೋನಿಗೆ ಹಿಡಿದು, ಅಲ್ಲಿಂದಲೇ ರುಜು ಹಾಕಿದರು; ಪೆಟ್ಟಿಗೆಯ ಪರದೆ ಕೆಟ್ಟಾಗ ಬಳಸಲೆಂದು ಇಟ್ಟ ದಾರಿ ಅದು. ಕೊಜೊಮ್‌ಕುಲ್‌ನಲ್ಲಿ ಕಂಡೆ ಅಂತ.

ಸೇತುವೆ ಕೆಟ್ಟಾಗ ಸಾಕ್ಷಿ ಮಾಡಬೇಕಾದದ್ದು ಒಂದೇ: ಪತ್ರ ತೀರಲು ಬಿಡುವುದು. ಅದು ಅವರಿಗೆ ಗೊತ್ತಿತ್ತು. "ತಾಯಿಯಂಥವರು ಕಣ್ಣೆದುರಿಗಿದೆ ಅಂದ್ಮೇಲೆ, ಇಲ್ಲ ಅಪಾ, ನಾನು ಬಂದು ನೋಡೋತನಕ ನಿಮ್ಮ ಮಾತು ಲೆಕ್ಕಕ್ಕಿಲ್ಲ ಅಂತ ಹೆಂಗನ್ಲಿ? ನಾಲಿಗೆ ಏಳ್ಲಿಲ್ಲ," ಅನ್ನುತ್ತಾರೆ. "ಇನ್ನೊಂದು ದಡ್ಡತನ ಕೇಳಿ. ಕ್ಷೇಮಾನಾ ಅಂತ ಕೇಳಿದೆ. ಎಲ್ಲಿದೆ ಅಂತ ಕೇಳ್ಲೇ ಇಲ್ಲ. ನಮ್ಮಲ್ಲಿ ಯಾರು ಕೇಳ್ತಾರೆ? ದನ ಕ್ಷೇಮಾನಾ ಅಂತೀವಿ, ದನ ಎಲ್ಲಿ ಅಂತ ಕೇಳ್ತೀವಾ?"

ಒಂಟೆ ಬುರ್ಮಾಕಾನ್‌ರ ಕಣ್ಣೆದುರಿಗೇ ಇತ್ತು, ಸುಳ್ಳಲ್ಲ. ಆದರೆ ಬುರ್ಮಾಕಾನ್ ಕೊಜೊಮ್‌ಕುಲ್‌ನಲ್ಲಿ ಇರಲಿಲ್ಲ. ಈ ವರ್ಷ ಹುಲ್ಲು ಬೇಗ ಚಿಗುರಿತ್ತು. ನಾಲ್ಕು ದಿನ ಮೊದಲೇ ದಂಪತಿ ಮನೆ ಎತ್ತಿ, ಲಾರಿ ಮಾಡಿಕೊಂಡು, ಅರವತ್ತು-ಎಪ್ಪತ್ತು ಕಿಲೋಮೀಟರು ಆಚೆ, ಅಲಾ-ಬೆಲ್ ಘಾಟಿಯ ಬುಡದ ಬೇಸಿಗೆ ಹುಲ್ಲುಗಾವಲಿಗೆ ಬಂದು ಗುಡಾರ ಹೂಡಿದ್ದರು. ಪ್ರತಿ ಬೇಸಿಗೆಯೂ ಹಾಗೇ. ಹೆದ್ದಾರಿಯ ಅಂಚಿನಲ್ಲಿ ಕುದುರೆಗಳನ್ನು ಕಟ್ಟಿ, ಹಾಲು ಕರೆದು, ಹುಳಿ ಬರಿಸಿ ಕಿಮಿಜ್ ಮಾಡಿ ದಾರಿಹೋಕರಿಗೆ ಮಾರುತ್ತಾರೆ. ಗುಡಾರದ ಗಳ, ಕಂಬಳಿ, ಬೋಗುಣಿ, ಕರು, ನಾಯಿಯ ಜೊತೆ ಒಂಟೆಯೂ ಲಾರಿ ಹತ್ತಿತ್ತು.

"ಬಿಟ್ಟು ಬರೋಕಾಗುತ್ತಾ?" ಅಂತ ಬುರ್ಮಾಕಾನ್ ನನ್ನನ್ನೇ ಕೇಳಿದರು. "ನಾವು ಮನೆ ಎತ್ತಿದ್ರೆ ಕತ್ತರಿ, ಸೂಜಿ ಕೂಡ ಹಿಂದೆ ಬಿಡಲ್ಲ. ಜೀವ ಇರೋದನ್ನಂತೂ ಬಿಡೋದೇ ಇಲ್ಲ. ಅದು ರಾತ್ರಿಯೆಲ್ಲಾ ಹಸಿರು ಕಣ್ಣು ಬಿಟ್ಕೊಂಡು ಗುಂಯ್ ಅಂತಿರುತ್ತೆ. ಒಂಟಿಯಾಗಿ ಬಿಟ್ಟು ಬಂದ್ರೆ ಪಾಪ ಅಲ್ವಾ?"

ಗಾಡಿ ನಿಲ್ಲುವ ಜಾಗಕ್ಕೇ ಚಾರ್ಜರು ಬಂದದ್ದು ಲೋಕಾನುಭವಕ್ಕೆ ಸರಿಯೇ. ಪತ್ರಕ್ಕೆ ಮಾತ್ರ ಸರಿಯಾಗಲಿಲ್ಲ. ಕಾರಿಗೆ ತಾನೆಲ್ಲಿದ್ದೇನೆ ಅನ್ನುವುದು ಗೊತ್ತಿರುತ್ತದೆ. ಒಂಟೆ ತನ್ನ ಪತ್ರ ತೋರಿಸಿ ನಾನು ಕೊಜೊಮ್‌ಕುಲ್‌ನವನು ಅಂದಾಗ, ಘಾಟಿಯ ಬುಡದಲ್ಲಿ ನಿಂತ ಕಾರು ಅನುಮಾನದ ಚೀಟಿ ಬರೆಯಿತು. ಎರಡನೆಯದೂ ಬರೆಯಿತು. ಮೂರನೆಯದು ಬರೆದ ಮೇಲೆ ಒಂಟೆಗೆ ಬಹಿಷ್ಕಾರ. ಎಲ್ಲಿಂದಲೋ ಕದ್ದ ಪೆಟ್ಟಿಗೆ ನಿಲ್ಲಿಸಿ, ಕೆಟ್ಟ ಕರೆಂಟು ಹರಿಸಿ ಒಬ್ಬರ ಕಾರು ಸುಟ್ಟದ್ದನ್ನು ಈ ಹೆದ್ದಾರಿ ಕಂಡಿದೆ. ಅದಕ್ಕೇ ಇಷ್ಟು ಬಿಗಿ. ಕಾರಿನಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಇನ್ನೊಂದು ಕಾರಿಗೆ, ಊರ ಸುದ್ದಿಯ ಹಾಗೆ ಮಾತು ಹಬ್ಬಿತು. ಒಂಟೆಯ ಹೆಸರಿನ ಜೊತೆ ಅದಕ್ಕೆ ಸಾಕ್ಷಿ ಹೇಳಿದವರ ರುಜುವೂ ಹಬ್ಬಿತು.

ಸಾಕ್ಷಿಯೊಬ್ಬರು ಸುಳ್ಳು ಅಂತಾದರೆ ಅವರ ರುಜು ಇರುವ ಪತ್ರಗಳೆಲ್ಲ ಬಿದ್ದುಹೋಗುತ್ತವೆ. ಅಂದರೆ ಹತ್ತೊಂಬತ್ತೂ. ಪೆಟ್ಟಿಗೆ ತುಂಬ ಕರೆಂಟು ಇದ್ದರೂ ಯಾವ ಕಾರೂ ಅದನ್ನು ಮುಟ್ಟುವುದಿಲ್ಲ. ಎರಡು ಘಾಟಿಗಳ ನಡುವಿನ ಬಯಲು ವಿದ್ಯುತ್ ಕಾರಿನವರಿಗೆ ಬರಡು. ಉಮ್ಸುನ್‌ಗಂತೂ ಇರುವ ಒಂದು ಕೆಲಸವೂ ಹೋದಂತೆ.

ವಿಷಯ ತಿಳಿದ ದಿನ ತುರ್ದುಕುಲ್ ಬಂಡಿಮನೆಗೆ ಬಂದು ಒಂದು ಉಪಾಯ ಹೇಳಿದರು. ಉಮ್ಸುನ್ ನೋಡಿದ್ದು ನಿಜ, ಮಾರನೆಯ ದಿನ ನಾವು ಸಾಗಿಸಿದೆವು, ತಪ್ಪು ನಮ್ಮದು ಅಂತ ಹೇಳಿಬಿಡೋಣ. ಯಾರಿಗೆ ಗೊತ್ತಾಗುತ್ತೆ? ಲಾರಿಯವನು ನಮ್ಮ ಷಡ್ಡಕ.

ಉಮ್ಸುನ್ ಒಂದು ರಾತ್ರಿ ಯೋಚಿಸಿದರಂತೆ. ಜೂನ್ ಹನ್ನೊಂದರ ಬೆಳಗ್ಗೆ ತಮ್ಮ ಕಾರ್ಡಿನಿಂದಲೇ, ಇಡೀ ಹೆದ್ದಾರಿ ಓದುವ ಹಾಗೆ ಬರೆದರು: "ಜೂನ್ ಮೂರರಂದು ನಾನು ನೋಡಲಿಲ್ಲ. ಕೇಳಿ ರುಜು ಹಾಕಿದೆ. ಆ ಪತ್ರ ವಾಪಸು ತೆಗೆದುಕೊಂಡಿದ್ದೇನೆ."

ಯಾರೂ ಏನೂ ಅನ್ನಲಿಲ್ಲ. ಅದೇ ಅವರಿಗೆ ಹೆಚ್ಚು ನೋವಾದದ್ದು. "ಮೀಟರ್ ಕಾಲದಲ್ಲಿ ಒಬ್ಬ ಸಾಹೇಬ ಇದ್ದ. ತಪ್ಪು ಮಾಡಿದ್ರೆ ಕರೆಸಿ ಬಾಯಿಗೆ ಬಂದಂಗೆ ಬೈತಿದ್ದ. ಬೈದು ಸುಸ್ತಾದ್ಮೇಲೆ ಕೂತ್ಕೋ ಅಂತಿದ್ದ. ಈಗ ನೋಡಿ, ಮೇಲೆ ಯಾರೂ ಇಲ್ಲ. ಬೈಯೋಕಾದ್ರೂ ಒಬ್ಬರು ಬೇಡ್ವಾ?"

ಬೈಯುವವರಿಲ್ಲದಿದ್ದರೂ ಕಟ್ಟಳೆ ಇದೆ. ತಪ್ಪು ಒಪ್ಪಿಕೊಂಡ ಸಾಕ್ಷಿಗೆ ಹದಿನಾಲ್ಕು ದಿನ ಗಡುವು. ಅಷ್ಟರೊಳಗೆ ಬೇರೆ ಭಾಗದ ಸಾಕ್ಷಿಯೊಬ್ಬರು ಬಂದು, ಹತ್ತೊಂಬತ್ತನ್ನೂ ಕಣ್ಣಾರೆ ಕಂಡು, ಇವೆಲ್ಲ ಇವೆ, ಇವರು ಹೇಳಿದ್ದು ದಿಟ ಅಂತ ರುಜು ಹಾಕಬೇಕು. ಬಾರದಿದ್ದರೆ ಜೂನ್ ಇಪ್ಪತ್ತೈದಕ್ಕೆ ಉಮ್ಸುನ್‌ರ ರುಜು ಸತ್ತ ಹಾಗೆ. ಇಡೀ ಹೆದ್ದಾರಿಗೆ ಅವರನ್ನು ಬಿಟ್ಟರೆ ಐದು ಜನ ಸಾಕ್ಷಿಗಳು. ಆರು ವರ್ಷದಲ್ಲಿ ಅವರು ಒಬ್ಬರ ಮುಖವನ್ನೂ ಕಂಡಿಲ್ಲ; ಸಂಖ್ಯೆಗಳಷ್ಟೇ ಗೊತ್ತು. ಐವರಿಗೂ ಕರೆ ಹೋಯಿತು. ಒಬ್ಬರಿಗೆ ಮೊಣಕಾಲು ನೋವು. ಒಬ್ಬರ ಮಗಳ ಮದುವೆ. ಇಬ್ಬರು ಉತ್ತರವನ್ನೇ ಕೊಡಲಿಲ್ಲ. ಐದನೆಯವರು, ಅಲಾ-ಬೆಲ್‌ನ ಆಚೆ ತೊಕ್ತೊಗುಲ್ ಕಡೆಯ ಸಗೀನಾಲಿ ಅನ್ನುವವರು, ಹೀಗೆ ಬರೆದರು: "ಬರ್ತೀನಿ ಅನ್ನಲ್ಲ, ಬರಲ್ಲ ಅಂತಾನೂ ಅನ್ನಲ್ಲ. ಗಾಡಿಯ ಕ್ಲಚ್ಚನ್ನ ಕೇಳ್ಬೇಕು."

ಇದು ಜೂನ್ ಹದಿನಾಲ್ಕರ ಮಾತು. ಆಮೇಲೆ ಸದ್ದಿಲ್ಲ.

ಇಪ್ಪತ್ತೆರಡರ ಆ ದಿನವೆಲ್ಲ ನಾನು ಉಮ್ಸುನ್ ಜೊತೆ ಸುತ್ತಿದೆ. ಅವಧಿ ತೀರುವ ಪೆಟ್ಟಿಗೆಗಳಿಗೆ ಹೋಗಲೇಬೇಕು, ಮೂರು ದಿನದಲ್ಲಿ ರುಜು ಸಾಯುವುದಿದ್ದರೂ. ಹಳ್ಳದ ಯಂತ್ರದ ಹತ್ತಿರ ಕಲ್ಲಿನ ಮೇಲೆ ಕೂತು ರೊಟ್ಟಿ, ಒಣಗಿದ ಮೊಸರಿನ ಉಂಡೆ ತಿಂದೆವು. ಅವರು ಚೀಲದಿಂದ ಎರಡು ಬಟ್ಟಲು ತೆಗೆದರು. ಒಬ್ಬರೇ ತಿರುಗುವವರಿಗೆ ಎರಡು ಯಾಕೆ ಅಂದೆ. "ಒಂದೇ ಇಟ್ಕೊಂಡ್ರೆ ಒಬ್ಬಳೇ ಅಂತ ಒಪ್ಕೊಂಡಂಗಾಗುತ್ತೆ," ಅಂದರು. ಒಂದರ ಅಂಚು ಕಪ್ಪಾಗಿ ಸವೆದಿತ್ತು. ಇನ್ನೊಂದರ ಮೇಲಿನ ಹೂವಿನ ಬಣ್ಣ ಅಂಗಡಿಯಿಂದ ತಂದ ಹಾಗೇ ಇತ್ತು. ಹೊಸದನ್ನು ನನಗೆ ಕೊಟ್ಟರು.

ಇಪ್ಪತ್ತಮೂರರ ಬೆಳಗ್ಗೆ ಆರಕ್ಕೆ ಬಂಡಿಮನೆಯ ಹೊರಗೆ ಯಾರೋ ಹಾರ್ನ್ ಹೊಡೆದರು. ಮಣ್ಣು ಮೆತ್ತಿದ ಹಳೆಯ ಜರ್ಮನ್ ಕಾರು. ಅದರಿಂದ, ಮುಖದ ತುಂಬ ಬಿಳಿಯ ಮೀಸೆ ಇರುವ ಅಗಲ ಮೈಯ ಮನುಷ್ಯ ಇಳಿದರು, ಕೈಯಲ್ಲಿ ಒಂದು ಜೇನಿನ ಡಬ್ಬಿ.

"ನೋಡದೇ ಕಂಡವರು ಇಲ್ಲೇನಾ ಇರೋದು?" ಅಂದರು.

ಉಮ್ಸುನ್ ಬಾಗಿಲಲ್ಲೇ ನಿಂತುಬಿಟ್ಟರು. ಆಮೇಲೆ, "ಕ್ಲಚ್ಚು ಒಪ್ತಾ, ಬೈಕೆ?" ಅಂದರು. ಬೈಕೆ ಅಂದರೆ ಅಣ್ಣ.

"ಒಪ್ಪಲಿಲ್ಲ. ಬೈದು ಕರ್ಕೊಂಡು ಬಂದೆ. ನಡಿ ತಂಗಿ, ಹತ್ತೊಂಬತ್ತಂದ್ರೆ ಎರಡು ದಿನದ ಕೆಲಸ. ಚಹಾ ಆಮೇಲೆ."

ಸಗೀನಾಲಿ ಮೂವತ್ತು ವರ್ಷ ಲಾರಿ ಓಡಿಸಿದವರು. ಮಾತು ಜಾಸ್ತಿ, ಕೆಲಸದಲ್ಲಿ ಕಲ್ಲು. ಪ್ರತಿ ಪೆಟ್ಟಿಗೆಯ ಹತ್ತಿರವೂ ಉಮ್ಸುನ್‌ರನ್ನು ಇಪ್ಪತ್ತು ಹೆಜ್ಜೆ ದೂರ ನಿಲ್ಲಿಸಿದರು. ಅಂಕಿಗಳನ್ನು ತಾವೇ ಓದಿದರು. ನಾಲ್ಕನೆಯದರಲ್ಲಿ ಮೊಹರು ಸಡಿಲವಿದೆ ಅಂತ ಗದರಿದರು. ಹೋದ ತಿಂಗಳೇ ಉಮ್ಸುನ್ ಅದನ್ನು ಬರೆದಿಟ್ಟದ್ದು ಕಂಡು, ಹ್ಞೂಂ ಅಂದರು. ಒಂಬತ್ತನೆಯದರ ಹತ್ತಿರ, "ಈ ಬೋಳು ಗುಡ್ಡದ ಮೇಲೆ ಜನವರೀಲಿ ಹೆಂಗೆ ಬರ್ತೀಯಾ?" ಅಂದರು.

"ಕೆಳಗೆ ಗಾಡಿ ಬಿಟ್ಟು ನಡೀತೀನಿ. ಮೂರು ಗಂಟೆ."

"ಯಾರಿಗೂ ಹೇಳಿ ಬರ್ತೀಯಾ?"

"ಯಾರಿಗೆ ಹೇಳ್ಲಿ?"

ಸಗೀನಾಲಿ ಪೆಟ್ಟಿಗೆಯ ಕಡೆ ತಿರುಗಿದರು. ಬರಿಯ ಅಂಗೈಯಿಟ್ಟು, ಕಣ್ಣು ಮುಚ್ಚಿ, ಒಂದು ನಿಮಿಷ ನಿಂತರು. ದೂರದಿಂದ ಉಮ್ಸುನ್ ನೋಡುತ್ತಲೇ ಇದ್ದರು. ಇನ್ನೊಬ್ಬರೂ ಹಾಗೇ ಕೈಯಿಡುತ್ತಾರೆ ಅನ್ನುವುದು ಅವರಿಗೆ ಅವತ್ತೇ ಗೊತ್ತಾದದ್ದು.

ಇಪ್ಪತ್ತನಾಲ್ಕರ ಮಧ್ಯಾಹ್ನದ ಹೊತ್ತಿಗೆ ಹದಿನೆಂಟು ಮುಗಿದು, ಅಲಾ-ಬೆಲ್‌ನ ಬುಡದ ಹುಲ್ಲುಗಾವಲಿಗೆ ಬಂದೆವು. ಗುಡಾರದ ಪಕ್ಕ ಒಂಟೆ ಕಣ್ಣು ಮುಚ್ಚಿ ನಿಂತಿತ್ತು. ಹದಿನೈದು ದಿನದಿಂದ ಯಾವ ಕಾರೂ ಅದನ್ನು ಮುಟ್ಟಿಲ್ಲ. ಅದರ ತಂತಿಯ ಮೇಲೆ ಬುರ್ಮಾಕಾನ್ ಬಟ್ಟೆ ಒಣಗಿಸಿದ್ದರು. ನಮ್ಮನ್ನು ಕಂಡವರೇ ಒಳಗೆ ನೆಲದ ಮೇಲೆ ವಸ್ತ್ರ ಹಾಸಿ ರೊಟ್ಟಿ, ಕೆನೆ, ಕಿಮಿಜ್ ಇಟ್ಟರು. ಸಗೀನಾಲಿ ಹೊರಗೇ ನಿಂತರು.

"ಮೊದಲು ಕೆಲಸ, ಬೈಬಿಚೆ. ತಿಂದು ರುಜು ಹಾಕಿದ್ರೆ ತಿನ್ನಿಸಿ ಹಾಕ್ಸಿದ್ರು ಅಂತಾರೆ." ಬೈಬಿಚೆ ಅನ್ನುವುದು ಮನೆಯೊಡತಿಯನ್ನು ಕರೆಯುವ ಮಾತು.

"ಅಯ್ಯೋ, ರೊಟ್ಟಿ ಮುರೀದೆ ಬಾಗಿಲಲ್ಲಿ ನಿಲ್ಲೋ ಗಂಡಸನ್ನ ನಾನು ನೋಡೇ ಇರ್ಲಿಲ್ಲ!" ಅಂತ ಬುರ್ಮಾಕಾನ್ ಹಣೆ ಬಡಿದುಕೊಂಡರು. "ನಿನ್ನ ಪೆಟ್ಟಿಗೆ ಮನೆ ಹಾಳಾಗ! ಒಂದು ಚೂರು ಬಾಯಿಗೆ ಹಾಕ್ಕೋ, ಇಲ್ಲಾಂದ್ರೆ ನಾಯಿ ಬಿಡ್ತೀನಿ."

ಸಗೀನಾಲಿ ಸೋತು, ಬಾಗಿ, ಉಗುರಿನಷ್ಟು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡರು. ಅಷ್ಟರಲ್ಲಿ ತುರ್ದುಕುಲ್ ಮುಂದೆ ಬಂದು, ಟೋಪಿ ಸರಿ ಮಾಡಿಕೊಂಡು, ಬಾಯಿಪಾಠ ಒಪ್ಪಿಸುವವರ ಹಾಗೆ ಶುರು ಮಾಡಿದರು. "ನೋಡಪ್ಪ, ಈ ಹುಡುಗಿ ಹಳ್ಳಿಗೆ ಬಂದಿದ್ಲು. ಜೂನ್ ಮೂರಕ್ಕೆ. ನೋಡಿದ್ಲು, ಮುಟ್ಟಿದ್ಲು. ಮಾರನೇ ದಿನ ನಾವು ಸಾಗಿಸಿದ್ವಿ. ಅವಳು ಹೆದರ್ಕೊಂಡು ಏನೇನೋ ಬರೆದಿದ್ದಾಳೆ. ತಪ್ಪು ನಮ್ಮದು."

ಸಗೀನಾಲಿ ಅವರನ್ನು ನೋಡಿದರು, ಆಮೇಲೆ ಉಮ್ಸುನ್‌ರನ್ನು. ಉಮ್ಸುನ್ ಹ್ಞೂಂ ಅಂದುಬಿಟ್ಟಿದ್ದರೆ ಅವರ ಹೆಸರಿನ ಮೇಲೆ ಕಲೆಯೇ ಉಳಿಯುತ್ತಿರಲಿಲ್ಲ. ಮುದುಕ ಅಷ್ಟು ಪ್ರೀತಿಯಿಂದ ಸುಳ್ಳು ಹೇಳುತ್ತಿದ್ದರು.

"ಯಾರ ಮಾತು ಬರ್ಕೊಳ್ಳಲಿ?" ಅಂದರು ಸಗೀನಾಲಿ.

"ಅತಾ, ನೀವು ಸುಮ್ಮನಿರಿ," ಅಂದರು ಉಮ್ಸುನ್. ಅತಾ ಅಂದರೆ ಅಪ್ಪ. "ನಂದು ಬರ್ಕೊಳ್ಳಿ ಬೈಕೆ. ನಾನು ಹೊಳೆ ಈಚೆ ನಿಂತಿದ್ದೆ. ನೋಡ್ಲಿಲ್ಲ."

ಸಗೀನಾಲಿ ಒಂಟೆಯ ಸುತ್ತ ಎರಡು ಸುತ್ತು ಹಾಕಿದರು. ಒದ್ದೆ ಬಟ್ಟೆಗಳನ್ನು ಮಡಚಿ ಬುರ್ಮಾಕಾನ್ ಕೈಗೆ ಕೊಟ್ಟರು. ಅಂಕಿ ಓದಿದರು, ಅಂಗೈಯಿಟ್ಟರು, ನಿಂತರು. ಆಮೇಲೆ ಹುಲ್ಲಿನ ಮೇಲೆ ಚಕ್ಕಳಮಕ್ಕಳ ಕೂತು, ದಪ್ಪ ಬೆರಳುಗಳಿಂದ ಒಂದೊಂದೇ ಅಕ್ಷರ ಒತ್ತುತ್ತ, ಜೋರಾಗಿ ಹೇಳಿಕೊಳ್ಳುತ್ತ ಬರೆದರು: "ಹತ್ತೊಂಬತ್ತನ್ನೂ ಕಂಡೆ. ಒಂದನ್ನು ಈಕೆ ನೋಡದೆ ರುಜು ಹಾಕಿದ್ದು ನಿಜ. ನೋಡಲಿಲ್ಲ ಅಂತ ಈಕೆಯೇ ಹೇಳಿದ್ದೂ ನಿಜ. ಮುಚ್ಚಿಡುವ ದಾರಿ ಇತ್ತು, ಮುಚ್ಚಿಡಲಿಲ್ಲ; ನಾನು ಎದುರಿಗಿದ್ದೆ. ಈ ಪೆಟ್ಟಿಗೆ ಚಳಿಗಾಲದಲ್ಲಿ ಕೊಜೊಮ್‌ಕುಲ್‌ನದು, ಬೇಸಿಗೆಯಲ್ಲಿ ಅಲಾ-ಬೆಲ್ ಬುಡದ್ದು. ಮನೆಯ ಜೊತೆ ಹೋಗುತ್ತದೆ."

ಪತ್ರದಲ್ಲಿ ಜಾಗ ಬರೆಯಲು ಇರುವುದು ಒಂದೇ ಮನೆ. ಹಾಗಾಗಿ ಎರಡು ಪತ್ರ ಮಾಡಿದರು, ಒಂದಕ್ಕೆ ಚಳಿಗಾಲದ ತಿಂಗಳು, ಒಂದಕ್ಕೆ ಬೇಸಿಗೆಯದ್ದು; ಚಳಿಗಾಲದ್ದಕ್ಕೆ ರುಜು ಒಂಟೆ ಹಳ್ಳಿಗೆ ಮರಳಿದ ಮೇಲೆ. ಬೇಸಿಗೆಯ ಪತ್ರಕ್ಕೆ ಉಮ್ಸುನ್ ಮುಟ್ಟಿ ನೋಡಿ ರುಜು ಹಾಕಿದರು. ಸಗೀನಾಲಿ ಅದರ ಕೆಳಗೆ ತಮ್ಮದು ಹಾಕಿದರು. ಪೆಟ್ಟಿಗೆ ಒಂದು ಗಳಿಗೆ ಸುಮ್ಮನಿದ್ದು ಹಸಿರು ಕಣ್ಣು ಬಿಟ್ಟಿತು. ಅರ್ಧ ಗಂಟೆಯಲ್ಲಿ ಓಶ್ ಕಡೆ ಹೊರಟ ಬಿಳಿಯ ಕಾರೊಂದು ಬಂದು ತಂತಿ ಚುಚ್ಚಿತು. ಅದರಲ್ಲಿದ್ದ ಸಂಸಾರ ನಮ್ಮ ಕಡೆ ನೋಡಲೂ ಇಲ್ಲ. ಕಿಮಿಜ್ ಎಷ್ಟು ಅಂತ ಕೇಳಿ ಗುಡಾರದೊಳಗೆ ಹೋದರು.

ಸಗೀನಾಲಿ ಈಗ ಹೊಟ್ಟೆ ತುಂಬ ತಿಂದರು. ಹೊರಡುವಾಗ ಉಮ್ಸುನ್ ಕಾರಿನ ಕಿಟಕಿಯ ಹತ್ತಿರ ಹೋಗಿ, "ನಿಮ್ಮ ಕಡೆ ಎಷ್ಟಿವೆ ಬೈಕೆ?" ಅಂದರು.

"ಹದಿನೇಳು."

"ಅವನ್ನ ನಿಮ್ಮನ್ನ ಬಿಟ್ಟು ಬೇರೆ ಯಾರಾದ್ರೂ ನೋಡಿದ್ದಾರಾ?"

"ಹಸುಗಳು ಬಂದು ಮೈ ಉಜ್ಜುತ್ವೆ," ಅಂದು ನಕ್ಕು, ಕ್ಲಚ್ಚಿಗೆ ಒಂದು ಬೈಗುಳ ಹಾಕಿ, ಸಗೀನಾಲಿ ಘಾಟಿ ಹತ್ತಿದರು. ತಿರುವು ತಿರುವಿನಲ್ಲೂ ಆ ಕಾರು ಕಾಣಿಸಿ ಮರೆಯಾಗಿ, ಮತ್ತೆ ಕಾಣಿಸಿ, ಕೊನೆಗೆ ಹಿಮದ ಅಂಚಿನಲ್ಲಿ ಚುಕ್ಕೆಯಾಯಿತು. ಅದು ಪೂರಾ ಮಾಯವಾಗುವವರೆಗೂ ಉಮ್ಸುನ್ ಕೈಯನ್ನು ಹಣೆಗೆ ಅಡ್ಡ ಹಿಡಿದು ನಿಂತೇ ಇದ್ದರು.

ಮುಂದೇನು ಅಂತ ಕೇಳಿದೆ. ನಾಳೆ ಮುಂಜಾನೆ ಹನ್ನೊಂದನೆಯದು ಇದೆ, ಅದರ ಅವಧಿ ತೀರುತ್ತದೆ ಅಂದರು. ಅದಲ್ಲ, ಏನಾದರೂ ಆಸೆ ಇದೆಯಾ ಅಂದೆ. ಘಾಟಿಯ ಕಡೆ ತಲೆಯೆತ್ತಿ ನೋಡಿದರು.

"ಆರು ವರ್ಷದಿಂದ ಈ ಘಾಟಿ ಬುಡದ ತನಕ ಬಂದು ವಾಪಸ್ ತಿರುಗ್ತೀನಿ. ಆಚೆ ಇಳಿದೇ ಇಲ್ಲ. ಹಿಮ ಬೀಳೋ ಮುಂಚೆ ಒಂದು ವಾರ ಬಿಡುವು ಮಾಡ್ಕೊಂಡು, ಆ ಕಡೆ ಹೋಗಿ, ಅವರ ಹದಿನೇಳನ್ನೂ ನೋಡ್ಕೊಂಡು ಬರ್ಬೇಕು ಅಂತಿದೆ," ಅಂದರು. "ಆ ಮನುಷ್ಯ ಸುಳ್ಳು ಹೇಳೋರಲ್ಲ, ನಂಗೊತ್ತು. ಆದ್ರೂ ಯಾರಾದ್ರೂ ಒಬ್ಬರು ಹೋಗಿ ನೋಡ್ಬೇಕಲ್ವಾ?"